ಹೆಪ್ಪು ಮತ್ತು ಕುಲ: ಬ್ಯಾಕ್ಟೀರಿಯಾ ವರ್ಗೀಕರಣ ಹಾಗೂ 'ಜನಪದ ವಿಜ್ಞಾನ'ದ ಒಂದು ವಾದ

ಕನ್ನಡ ಜಾನಪದ ಅಧ್ಯಯನದಲ್ಲಿ 'ಜನಪದ ವಿಜ್ಞಾನ' ಎಂಬ ಪರಿಕಲ್ಪನೆ ನೆಲೆಗೊಂಡ ಮೇಲೆ ಕೃಷಿ, ವೈದ್ಯ, ಆಹಾರ ಪದ್ಧತಿಗಳಿಗೆ ಸಂಬಂಧಿಸಿದ ವಿಪುಲ ಸಾಮಗ್ರಿ ಬೆಳಕಿಗೆ ಬಂದಿದೆ. ಈ ಸಂಗ್ರಹಕಾರ್ಯದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾಮಗ್ರಿಯ ಜೊತೆಗೇ ಒಂದು ವಾದವೂ ಬೆಳೆದುಬಂದಿದೆ. ಸೂಕ್ಷ್ಮದರ್ಶಕ ಹುಟ್ಟುವ ಮೊದಲೇ ಜನಪದರು ಬ್ಯಾಕ್ಟೀರಿಯಾಗಳನ್ನು ಬಲ್ಲವರಾಗಿದ್ದರು, ಅವುಗಳನ್ನು ಉಪಕಾರಿ ಮತ್ತು ಅಪಕಾರಿ ಎಂದು ವರ್ಗೀಕರಿಸಿಯೂ ಇದ್ದರು ಎಂಬುದು ಆ ವಾದ. ಮೊಸರಿನ ಹೆಪ್ಪು, ಇಡ್ಲಿಯ ಹಿಟ್ಟು ಮತ್ತು ಮಾರಿಯ ಆರಾಧನೆ, ಇವು ಮೂರೂ ಅದಕ್ಕೆ ಸಾಕ್ಷ್ಯಗಳಾಗಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. ಕೇಳಲು ಹಿತವಾದ ಈ ವಾದವು ವಿಜ್ಞಾನಕ್ಕೂ ನ್ಯಾಯ ಸಲ್ಲಿಸುವುದಿಲ್ಲ, ಜನಪದರಿಗೂ ಸಲ್ಲಿಸುವುದಿಲ್ಲ.

ತೊಡಕು ಪರಿಭಾಷೆಯಿಂದಲೇ ಆರಂಭವಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಕನ್ನಡದಲ್ಲಿ 'ಏಕಾಣುಜೀವಿ' ಎಂಬ ಪದ ಬಹುಕಾಲ ಬಳಕೆಯಲ್ಲಿದೆ. ಒಂದೇ ಕೋಶದ ಜೀವಿ ಎಂಬುದು ಅದರ ಆಶಯ. ಆದರೆ ಯೀಸ್ಟ್ ಮತ್ತು ಅಮೀಬಾಗಳೂ ಒಂದೇ ಕೋಶದ ಜೀವಿಗಳು. ಬ್ಯಾಕ್ಟೀರಿಯಾವನ್ನು ಅವುಗಳಿಂದ ಬೇರ್ಪಡಿಸುವುದು ಕೋಶದ ಸಂಖ್ಯೆಯಲ್ಲ, ಅದರ ರಚನೆ. ಬ್ಯಾಕ್ಟೀರಿಯಾದ ಕೋಶದಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲ. ಸಾಮಾನ್ಯವಾಗಿ ಉಂಗುರದಂತಿರುವ ಅದರ ಡಿ.ಎನ್.ಎ. ಕೋಶರಸದಲ್ಲಿಯೇ ನೆಲೆಸಿರುತ್ತದೆ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಒಂದು ಕೋಶ ಬೆಳೆದು ಇಬ್ಭಾಗವಾಗುವುದೇ ಅವುಗಳ ವಂಶವೃದ್ಧಿಯ ಸಾಮಾನ್ಯ ಕ್ರಮ. 'ಕ್ರಿಮಿ' ಮತ್ತು 'ರೋಗಾಣು' ಎಂಬ ಪದಗಳಂತೂ ಈ ಇಡೀ ಜೀವಸಮೂಹವನ್ನು ರೋಗದೊಂದಿಗೆ ಮಾತ್ರ ತಳುಕು ಹಾಕಿವೆ.

ವಿಜ್ಞಾನದ ವರ್ಗೀಕರಣವೂ ಒಮ್ಮೆಗೇ ಸಿದ್ಧವಾಗಿ ಬಂದುದಲ್ಲ. 1676ರಲ್ಲಿ ಲೇವೆನ್‌ಹೂಕ್ ಈ ಜೀವಿಗಳನ್ನು ಕಂಡು ವರದಿ ಮಾಡಿದ ಮೇಲೆ ಸುಮಾರು ಎರಡು ಶತಮಾನ ಕಳೆದು, 1872ರಲ್ಲಿ ಫರ್ಡಿನೆಂಡ್ ಕೋನ್ ಅವುಗಳನ್ನು ಗುಂಡು, ಕಡ್ಡಿ, ಎಳೆ, ಸುರುಳಿ ಎಂಬ ಆಕಾರಗಳ ಆಧಾರದ ಮೇಲೆ ವಿಂಗಡಿಸಿದನು. 1884ರಲ್ಲಿ ಬರ್ಲಿನ್ನಿನಲ್ಲಿದ್ದ ಡೆನ್ಮಾರ್ಕಿನ ವೈದ್ಯ ಗ್ರಾಂ ರೂಪಿಸಿದ ಬಣ್ಣ ಹಾಕುವ ವಿಧಾನವು ಕೋಶಭಿತ್ತಿಯ ಭೇದವನ್ನು ತೋರಿಸಿತು. ದಪ್ಪ ಭಿತ್ತಿಯವು ನೇರಳೆ ಬಣ್ಣವನ್ನು ಉಳಿಸಿಕೊಳ್ಳುತ್ತವೆ. ತೆಳು ಭಿತ್ತಿಯವು ಅದನ್ನು ಬಿಟ್ಟುಕೊಡುತ್ತವೆ. ಯಾವುದನ್ನು ಹುದುಗಿಸುತ್ತದೆ, ಗಾಳಿಯಿಲ್ಲದೆ ಬದುಕುತ್ತದೆಯೇ, ಆಮ್ಲ ಉಂಟುಮಾಡುತ್ತದೆಯೇ ಎಂಬ ಪ್ರಶ್ನೆಗಳು ಇವುಗಳ ಜೊತೆ ಸೇರಿದವು. ಎಂದರೆ ಹತ್ತಿರಹತ್ತಿರ ಒಂದು ಶತಮಾನ ಕಾಲ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದು ರೂಪದಿಂದ ಮತ್ತು ಕೆಲಸದಿಂದ. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್.ಎನ್.ಎ.ಯನ್ನು ಹೋಲಿಸಿ ನೋಡಿದ ಬಳಿಕವೇ ವಂಶಸಂಬಂಧವು ವರ್ಗೀಕರಣಕ್ಕೆ ಭದ್ರವಾದ ಆಧಾರವಾಯಿತು. ಬ್ಯಾಕ್ಟೀರಿಯಾದಂತೆಯೇ ಕಾಣುವ ಆರ್ಕಿಯಾ ಎಂಬುದು ಪ್ರತ್ಯೇಕ ಕವಲೆಂದು ತಿಳಿದದ್ದೂ ಆಗಲೇ.

ಈ ಹಿನ್ನೆಲೆಯಲ್ಲಿ ಹೆಪ್ಪನ್ನು ಪರಿಶೀಲಿಸಬೇಕು. ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾವನ್ನು 1878ರಲ್ಲಿ ಜೋಸೆಫ್ ಲಿಸ್ಟರ್ ಶುದ್ಧರೂಪದಲ್ಲಿ ಬೇರ್ಪಡಿಸಿ ಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಎಂದು ಕರೆದನು. ಅದೇ ಜೀವಿ ಮುಂದೆ ಸ್ಟ್ರೆಪ್ಟೋಕಾಕಸ್ ಲ್ಯಾಕ್ಟಿಸ್ ಆಗಿ, 1985ರಲ್ಲಿ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಆಯಿತು. ಶಾಸ್ತ್ರದಲ್ಲಿ ಅದರ ಕುಲ ಎರಡು ಬಾರಿ ಬದಲಾಯಿತು. ಅಡುಗೆಮನೆಯಲ್ಲಿ ಹೆಪ್ಪು ಹೆಪ್ಪಾಗಿಯೇ ಉಳಿಯಿತು. ಏಕೆಂದರೆ ಹೆಪ್ಪು ಒಂದು ಜೀವಿಯ ಹೆಸರಲ್ಲ, ಒಂದು ಕ್ರಿಯೆಯ ಹೆಸರು. ಮನೆಯ ಹೆಪ್ಪಿನಲ್ಲಿ ಹಲವು ಜಾತಿಯ ಬ್ಯಾಕ್ಟೀರಿಯಾಗಳೂ ಕೆಲವೊಮ್ಮೆ ಯೀಸ್ಟ್‌ಗಳೂ ಒಟ್ಟಿಗೆ ಇರುತ್ತವೆ. ಹೆಪ್ಪು ಹಾಕಿದ ಹಾಲು ಮೊಸರಾಗುವುದಕ್ಕೂ ಬೆಳಗಿನ ಹಾಲು ಸಂಜೆ ಕಾಯಿಸುವಾಗ ಒಡೆಯುವುದಕ್ಕೂ ಒಂದೇ ಬಳಗದ ಆಮ್ಲಕಾರಕ ಬ್ಯಾಕ್ಟೀರಿಯಾಗಳು ಕಾರಣವಾಗಬಲ್ಲವು. ಗೃಹಿಣಿಗೆ ಮೊದಲನೆಯದು ಸಿದ್ಧಿ, ಎರಡನೆಯದು ನಷ್ಟ. ಆದ್ದರಿಂದ ಜನಪದರು ವಿಂಗಡಿಸಿದ್ದು ಹಾಲಿನ ಸ್ಥಿತಿಗಳನ್ನೇ ಹೊರತು ಬ್ಯಾಕ್ಟೀರಿಯಾಗಳನ್ನಲ್ಲ. ಹೊತ್ತು ಮುಳುಗಿದ ಮೇಲೆ ಹೆಪ್ಪನ್ನು ಹೊರಗೆ ಕೊಡಬಾರದೆಂಬ ನಂಬಿಕೆಗೆ 'ಸೋಂಕು ತಡೆಯುವ ಉಪಾಯ' ಎಂಬ ಅರ್ಥ ಹಚ್ಚುವುದೂ ಹೀಗೆಯೇ ಅಸಂಗತ. ಆ ನಿಷೇಧ ಮನೆಯ ಲಕ್ಷ್ಮಿಯ ಕಲ್ಪನೆಗೆ ಸೇರಿದ್ದು. ಉಪ್ಪಿಗೂ ಅದು ಅನ್ವಯಿಸುತ್ತದೆ. ಉಪ್ಪಿನಲ್ಲಿ ಯಾವ ಸೋಂಕನ್ನು ತಡೆಯಬೇಕಿತ್ತು?

ಇಡ್ಲಿಯ ವಿಷಯದಲ್ಲಿ ಪ್ರಾಚೀನತೆಯ ಹಂಬಲ ಇನ್ನಷ್ಟು ಪ್ರಬಲವಾಗಿದೆ. 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ'ಯ ಪ್ರಸ್ತಾಪವಿರುವುದರಿಂದ ಸಾವಿರ ವರ್ಷದ ಹಿಂದೆಯೇ ಹುದುಗುವಿಕೆಯ ವಿಜ್ಞಾನ ಸಿದ್ಧವಾಗಿತ್ತೆಂದು ತೀರ್ಮಾನಿಸಲಾಗುತ್ತದೆ. ಆದರೆ 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬರುವ ತಯಾರಿಕೆಯಲ್ಲಿ ಉದ್ದು ಮಾತ್ರವಿದೆ. ಅಕ್ಕಿಯನ್ನು ಬೆರೆಸುವುದಾಗಲಿ ಹಿಟ್ಟನ್ನು ದೀರ್ಘಕಾಲ ಹುಳಿಬರಿಸುವುದಾಗಲಿ ಅಲ್ಲಿಲ್ಲ ಎಂಬುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ. ಹೆಸರು ಹಳೆಯದಾದ ಮಾತ್ರಕ್ಕೆ ಕ್ರಿಯೆಯೂ ಹಳೆಯದಾಗಬೇಕಿಲ್ಲ. ಇಂದಿನ ಹಿಟ್ಟನ್ನು ಉಬ್ಬಿಸುವ ಅನಿಲವನ್ನು ಮುಖ್ಯವಾಗಿ ಉತ್ಪತ್ತಿ ಮಾಡುವುದು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಉದ್ದು ಮತ್ತು ಅಕ್ಕಿಯೊಂದಿಗೇ ಹಿಟ್ಟಿಗೆ ಬರುತ್ತದೆ. ಹೊರಗಿನಿಂದ ಹೆಪ್ಪು ಹಾಕಬೇಕಿಲ್ಲ. ಹಿಟ್ಟು ಉಬ್ಬದಿದ್ದರೆ ಉದ್ದಿನ ಮೇಲೆ ದೂರು ಹಾಕುವ ಹೆಂಗಸರ ಮಾತು ಈ ದೃಷ್ಟಿಯಿಂದ ಸೂಕ್ಷ್ಮವಾದ ಅವಲೋಕನ. ಅದನ್ನು ಅವಲೋಕನವೆಂದೇ ಗೌರವಿಸಿದರೆ ಸಾಕು.

ಮಾರಿಯ ಸಾಕ್ಷ್ಯವಂತೂ ತೀರಾ ದುರ್ಬಲ. ಸಿಡುಬು, ಕಾಲರಾ, ಪ್ಲೇಗುಗಳನ್ನು ಒಂದೇ ಸಾಲಿನಲ್ಲಿಟ್ಟು 'ಅಪಕಾರಿ ಬ್ಯಾಕ್ಟೀರಿಯಾಗಳ ಜನಪದ ವರ್ಗ' ಎಂದು ಬರೆದುದುಂಟು. ಸಿಡುಬು ವೈರಸ್ಸಿನಿಂದ ಬರುತ್ತಿದ್ದ ರೋಗ. ವೈರಸ್ಸಿಗೆ ಕೋಶವೇ ಇಲ್ಲ. ಕಾಲರಾ ಮತ್ತು ಪ್ಲೇಗು ಬ್ಯಾಕ್ಟೀರಿಯಾಗಳಿಂದ ಬರುವವಾದರೂ ಒಂದು ನೀರು ಮತ್ತು ಆಹಾರದ ಮೂಲಕ, ಇನ್ನೊಂದು ಮುಖ್ಯವಾಗಿ ಇಲಿಯ ಚಿಗಟದ ಮೂಲಕ ಹರಡುತ್ತದೆ. ಅವುಗಳನ್ನು ಒಂದುಗೂಡಿಸಿದ್ದು ಊರಿಗೆ ಊರೇ ಭಯಪಟ್ಟು ಬಾಗಿಲು ಹಾಕಿದ ಅನುಭವ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಅದರ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿ ನಾಲ್ಕು ವರ್ಷವಷ್ಟೇ ಆಗಿತ್ತು. ಜನ ಆ ಹೊಸ ರೋಗದ ಇಂಗ್ಲಿಷ್ ಹೆಸರನ್ನೇ ಹಳೆಯ ದೇವತೆಗೆ ವಿಶೇಷಣವಾಗಿ ಸೇರಿಸಿ ಪ್ಲೇಗ್ ಮಾರಮ್ಮ ಎಂದರು. ಈ ನಾಮಕರಣವನ್ನು ಎಷ್ಟು ಚರ್ಚಿಸಿದರೂ ಹೆಚ್ಚಲ್ಲ. ಅಪರಿಚಿತವಾದುದನ್ನು ಪರಿಚಿತವಾದೊಂದು ವರ್ಗದೊಳಗೆ ತಂದು, ಆದರೆ ಅದರ ಪರಕೀಯತೆಯನ್ನು ಹೆಸರಿನಲ್ಲಿಯೇ ಉಳಿಸಿಕೊಂಡ ವಿಧಾನವದು. ಅದನ್ನು ಬ್ಯಾಕ್ಟೀರಿಯಾಶಾಸ್ತ್ರವೆಂದು ಕರೆದೊಡನೆ ಅದರ ಈ ವೈಶಿಷ್ಟ್ಯವೇ ಮರೆಯಾಗುತ್ತದೆ.

ಬ್ರೆಂಟ್ ಬರ್ಲಿನ್ ಮೊದಲಾದವರ ಅಧ್ಯಯನಗಳು ತೋರಿಸಿಕೊಟ್ಟಂತೆ, ಕಣ್ಣಿಗೆ ಕಾಣುವ ಗಿಡಮರ ಮತ್ತು ಪ್ರಾಣಿಗಳ ವಿಷಯದಲ್ಲಿ ಜನಪದ ವರ್ಗಗಳು ಶಾಸ್ತ್ರೀಯ ವರ್ಗಗಳಿಗೆ ಬಹಳ ಸಲ ಹತ್ತಿರವಾಗಿರುತ್ತವೆ. ಆ ತತ್ತ್ವವನ್ನು ಕಾಣದ ಜೀವಿಗಳಿಗೂ ವಿಸ್ತರಿಸಿದ್ದೇ ಇಲ್ಲಿನ ಮೂಲ ದೋಷ. ಅದರ ಪರಿಣಾಮ ಕ್ಷೇತ್ರಕಾರ್ಯದ ಮೇಲೂ ಆಗಿದೆ. ವಕ್ತೃ ಹೇಳಿದ 'ಹುಳಿ ಏರಿದೆ', 'ಲೋಳೆ ಬಂದಿದೆ', 'ಹಳಸಿದೆ', 'ಬೂಷ್ಟು ಹಿಡಿದಿದೆ' ಎಂಬ ನಾಲ್ಕು ಬೇರೆಬೇರೆ ಮಾತುಗಳನ್ನು ಸಂಗ್ರಾಹಕ 'ಬ್ಯಾಕ್ಟೀರಿಯಾದಿಂದ ಕೆಟ್ಟಿದೆ' ಎಂಬ ಒಂದೇ ವಾಕ್ಯಕ್ಕೆ ಇಳಿಸುತ್ತಾನೆ. ಬೂಷ್ಟು ಶಿಲೀಂಧ್ರ, ಅದು ಬ್ಯಾಕ್ಟೀರಿಯಾವೇ ಅಲ್ಲ. ವಕ್ತೃ ಪ್ರತ್ಯೇಕವಾಗಿಯೇ ಇಟ್ಟಿದ್ದುದನ್ನು ವಿದ್ವಾಂಸ ಬೆರೆಸಿದಂತಾಯಿತು.

2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದೇ ಕುಲದಲ್ಲಿದ್ದ ಜಾತಿಗಳನ್ನು ವಂಶವಾಹಿಗಳ ಆಧಾರದ ಮೇಲೆ ಮರುಪರಿಶೀಲಿಸಿ, 23 ಹೊಸ ಕುಲಗಳನ್ನು ರಚಿಸಲಾಯಿತು. ವಿಜ್ಞಾನವು ತನ್ನ ಹೆಸರುಗಳನ್ನು ಹೀಗೆ ಒಡೆದು ಕಟ್ಟಿಕೊಳ್ಳುತ್ತಿರುವಾಗ, ಪೊಟ್ಟಣದ ಮೊಸರು ಮತ್ತು ಸಿದ್ಧ ಹಿಟ್ಟಿನ ಮನೆಗಳಲ್ಲಿ ಹುಳಿಯ ಹದಗಳನ್ನು ಸೂಚಿಸುವ ಮಾತುಗಳು ಬಳಕೆ ತಪ್ಪುತ್ತಿವೆ. ಹುಳಿಯ ಯಾವ ಹದಕ್ಕೆ ಯಾವ ಊರಿನಲ್ಲಿ, ಯಾವ ಸಮುದಾಯದಲ್ಲಿ ಯಾವ ಪದವಿದೆ ಎಂಬ ಜಿಲ್ಲಾವಾರು ಪದಕೋಶವೊಂದನ್ನು, ಬ್ಯಾಕ್ಟೀರಿಯಾದ ಹೆಸರನ್ನು ನಡುವೆ ತರದೆ, ಮೊದಲು ಸಿದ್ಧಪಡಿಸಬೇಕಾಗಿದೆ.