ಆ್ಯಂಟಿಆಕ್ಸಿಡೆಂಟ್ ಪರೀಕ್ಷೆ: ವೇಗ ಬಂತು, ಅರ್ಥ ಉಳಿಯಿತೆ?

ಹಳೆಯ ಎಣ್ಣೆಗೆ ಕಮಟು ವಾಸನೆ ಬರುವುದು ನಿಮಗೆ ಗೊತ್ತಿರುವ ಸಂಗತಿ. ಗಾಳಿಯ ಆಕ್ಸಿಜನ್ ಅಪರ್ಯಾಪ್ತ ಕೊಬ್ಬಿನ ಆಮ್ಲಗಳೊಡನೆ ಸರಪಳಿ ಕ್ರಿಯೆ ನಡೆಸುತ್ತದೆ. ಮೊದಲು ಪೆರಾಕ್ಸೈಡ್‌ಗಳು, ಅವು ಒಡೆದಾಗ ವಾಸನೆಯುಳ್ಳ ಆಲ್ಡಿಹೈಡ್‌ಗಳು ಉಂಟಾಗುತ್ತವೆ. ಈ ಸರಪಳಿಯನ್ನು ತಡೆಯುವ ವಸ್ತುವೇ ಆ್ಯಂಟಿಆಕ್ಸಿಡೆಂಟ್.

ಅದರ ಸಾಮರ್ಥ್ಯವನ್ನು ಅಳೆಯುವ ಹಳೆಯ ಕ್ರಮ ನಿಧಾನದ್ದು. ಎಣ್ಣೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಓವನ್ನಿನಲ್ಲಿಟ್ಟು, ಆಗಾಗ ಟೈಟ್ರೇಷನ್ ಮಾಡಿ ಪೆರಾಕ್ಸೈಡ್ ಮೌಲ್ಯ ಕಂಡುಕೊಳ್ಳಬೇಕು. ಇದಕ್ಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದ್ದರಿಂದ ಶೀಘ್ರ ವಿಧಾನಗಳು ಬಂದವು. ಆದರೆ ಅವು ಅಳೆಯುವುದು ಅದನ್ನೇ ಏನು?

ಕಾಲೇಜು ಪ್ರಾಜೆಕ್ಟುಗಳಲ್ಲಿ ಪರಿಚಿತವಾದ ಡಿಪಿಪಿಎಚ್ ಪರೀಕ್ಷೆಯನ್ನೇ ನೋಡಿ. ನೇರಳೆ ಬಣ್ಣದ ಈ ಸ್ಥಿರ ರ್‍ಯಾಡಿಕಲ್‌ನ ಮೆಥನಾಲ್ ದ್ರಾವಣಕ್ಕೆ ಸಸ್ಯಸಾರ ಬೆರೆಸಿ, ಸಾಮಾನ್ಯವಾಗಿ 30 ನಿಮಿಷದ ನಂತರ 517 ನ್ಯಾನೊಮೀಟರಿನಲ್ಲಿ ಬಣ್ಣ ಎಷ್ಟು ಕುಂದಿತೆಂದು ಅಳೆಯುತ್ತಾರೆ. ಪರೀಕ್ಷೆ ಸುಲಭ, ಅಗ್ಗ. ಆದರೆ ಆ ನಳಿಕೆಯಲ್ಲಿ ಕೊಬ್ಬೇ ಇಲ್ಲ! ಎಣ್ಣೆಯಲ್ಲಿ ಹುಟ್ಟುವ ಅಲ್ಪಾಯುಷಿ ಪೆರಾಕ್ಸಿಲ್ ರ್‍ಯಾಡಿಕಲ್‌ಗೂ ಡಿಪಿಪಿಎಚ್‌ಗೂ ಹೋಲಿಕೆ ಕಡಿಮೆ. ಆಸ್ಕಾರ್ಬಿಕ್ ಆಮ್ಲ ಇಲ್ಲಿ ಕ್ಷಣದಲ್ಲಿ ಬಣ್ಣ ಕಳೆಯುತ್ತದೆ. ಎಣ್ಣೆಯಲ್ಲಿ ಅದು ಕರಗುವುದೇ ಇಲ್ಲ.

ರಾನ್ಸಿಮ್ಯಾಟ್ ಉಪಕರಣದಲ್ಲಾದರೋ ನಿಜವಾದ ಎಣ್ಣೆಯೇ ಇರುತ್ತದೆ. ಸಾಮಾನ್ಯವಾಗಿ 100ರಿಂದ 120 ಡಿಗ್ರಿಗೆ ಕಾಯಿಸಿದ ಎಣ್ಣೆಯ ಮೂಲಕ ಗಾಳಿ ಹಾಯಿಸಿ, ಹೊರಬರುವ ಆಮ್ಲಗಳಿಂದ ನೀರಿನ ವಿದ್ಯುದ್ವಾಹಕತೆ ಯಾವಾಗ ಏರುತ್ತದೆಂದು ಗುರುತಿಸುತ್ತಾರೆ. ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಆದರೆ ಆ ಶಾಖಕ್ಕೆ ಬಿಎಚ್‌ಟಿಯಂಥ ಆವಿಶೀಲ ವಸ್ತು ಗಾಳಿಯೊಡನೆ ಹೊರಟುಹೋಗಿ, ಇದ್ದುದಕ್ಕಿಂತ ದುರ್ಬಲವಾಗಿ ಕಾಣುತ್ತದೆ.

ಮಾಧ್ಯಮವೂ ಮುಖ್ಯ. ಸಾಮಾನ್ಯವಾಗಿ ಶುದ್ಧ ಎಣ್ಣೆಯಲ್ಲಿ ಧ್ರುವೀಯ ಆ್ಯಂಟಿಆಕ್ಸಿಡೆಂಟ್‌ಗಳು, ನೀರು-ಎಣ್ಣೆ ಎಮಲ್ಷನ್‌ನಲ್ಲಿ ಅಧ್ರುವೀಯವು ಹೆಚ್ಚು ಪರಿಣಾಮಕಾರಿ; ಅಪವಾದಗಳೂ ಉಂಟು. ಹೀಗಿರುವಾಗ ಒಂದೇ ನಳಿಕೆಯ ಅಂಕಿಯಿಂದ ಎಲ್ಲ ಆಹಾರಕ್ಕೂ ಶ್ರೇಯಾಂಕ ಕೊಡುವುದು ಹೇಗೆ? ಆರೋಗ್ಯದ ಮಾತಂತೂ ಇನ್ನೂ ದೂರ. ಓರ್‍ಯಾಕ್ ಎಂಬ ಇನ್ನೊಂದು ಶೀಘ್ರ ಪರೀಕ್ಷೆಯ ಅಂಕಿಗಳು ಜಾಹೀರಾತುಗಳಲ್ಲಿ ದುರುಪಯೋಗವಾದುದರಿಂದ, ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಓರ್‍ಯಾಕ್ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಹಾಗೆಂದು ಶೀಘ್ರ ಪರೀಕ್ಷೆಗಳನ್ನು ಬಿಡಬೇಕಿಲ್ಲ. ಇಪ್ಪತ್ತು ಸಾರಗಳಿಂದ ನಾಲ್ಕನ್ನು ಆರಿಸುವ ಜರಡಿಯಾಗಿ ಅವು ಉಪಯುಕ್ತ. ಆ ನಾಲ್ಕನ್ನು ಎಣ್ಣೆಗೇ ಬೆರೆಸಿ, ಬೆರೆಸದ ಎಣ್ಣೆಯನ್ನೂ ಪಕ್ಕದಲ್ಲಿಟ್ಟು, ಓವನ್ ಪರೀಕ್ಷೆ ಮಾಡಿಸಿ. ಪೆರಾಕ್ಸೈಡ್ ಟೈಟ್ರೇಷನ್‌ಗೆ ಬೇಕಾದ ಪೊಟ್ಯಾಸಿಯಮ್ ಅಯೊಡೈಡ್, ಥಯೋಸಲ್ಫೇಟ್, ಪಿಷ್ಟ ಕಾಲೇಜಿನಲ್ಲಿ ಅಪರೂಪವಲ್ಲ. ವರದಿಯಲ್ಲಿ ದ್ರಾವಕ, ಉಷ್ಣತೆ, ಸಾಂದ್ರತೆ ಬರೆಯಲಿ. ಡಿಪಿಪಿಎಚ್ ಮಾತ್ರ ಮಾಡಿದ್ದರೆ ಶೀರ್ಷಿಕೆಯಲ್ಲಿ ‘ಡಿಪಿಪಿಎಚ್ ರ್‍ಯಾಡಿಕಲ್ ನಿಗ್ರಹ’ ಎಂದಷ್ಟೇ ಇರಲಿ.