ವಯೊಲೆಟ್ಟಾಳ ಗಡಿಯಾರ

ಪರದೆ ಬೆಳಗಿದಾಗ ಕಾಣುವುದು ಅರ್ಧವರ್ತುಲವಾಗಿ ಬಳಸಿ ನಿಂತ ಬಿಳಿ ಗೋಡೆ, ಅದರ ಮಗ್ಗುಲಲ್ಲಿ ಆಳೆತ್ತರ ಮೀರಿದ ಒಂದು ಗಡಿಯಾರ. ಗಡಿಯಾರದ ಬಳಿ ನರೆಗೂದಲಿನ ಒಬ್ಬಾತ ಮಾತಿಲ್ಲದೆ ಕೂತಿದ್ದಾನೆ. ಯಾರೂ ಇನ್ನೂ ಬಾಯಿ ತೆರೆದಿಲ್ಲ. ಕೆಂಪು ಉಡುಪಿನ ಹೆಣ್ಣೊಬ್ಬಳು ದಣಿದ ಹೆಜ್ಜೆಯಲ್ಲಿ ಅವನತ್ತ ನಡೆಯುತ್ತಾಳೆ. ವೆರ್ದಿಯ ‘ಲಾ ತ್ರಾವಿಯಾತಾ’ವನ್ನು 2005ರ ಸಾಲ್ಜ್‌ಬರ್ಗ್ ಉತ್ಸವಕ್ಕಾಗಿ ವಿಲ್ಲಿ ಡೆಕ್ಕರ್ ನಿರ್ದೇಶಿಸಿದ್ದು ಹೀಗೆ ಶುರುವಾಗುತ್ತದೆ. ಆ ಪ್ರಯೋಗದ ಚಿತ್ರೀಕರಣ ಡಿವಿಡಿಯಾಗಿ ಬಂದು ಇಪ್ಪತ್ತು ವರ್ಷವಾಗುತ್ತ ಬಂದರೂ, ಮನೆಯಲ್ಲಿ ಕೂತು ಒಪೆರಾ ನೋಡಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಕಥೆ ಸರಳ. ಪ್ಯಾರಿಸ್ಸಿನ ಸಿರಿವಂತರ ಹಣದಲ್ಲಿ ಬದುಕುವ ವಯೊಲೆಟ್ಟಾ ಆಲ್ಫ್ರೆದೊನನ್ನು ಪ್ರೀತಿಸಿ, ಹಳೆಯ ಜೀವನ ಬಿಟ್ಟು ಅವನೊಡನೆ ಹಳ್ಳಿಮನೆ ಸೇರುತ್ತಾಳೆ. ಅವನ ತಂದೆ ಜೆರ್ಮೊಂ ಬಂದು, ನಿನ್ನಿಂದ ನನ್ನ ಮಗಳ ಮದುವೆ ನಿಂತುಹೋಗುತ್ತದೆ ಎಂದಾಗ ಅವಳು ಪ್ರೇಮವನ್ನು ಬಿಟ್ಟುಕೊಡುತ್ತಾಳೆ. ಕಾರಣ ತಿಳಿಯದ ಆಲ್ಫ್ರೆದೊ ತುಂಬಿದ ಕೂಟದಲ್ಲಿ ಅವಳ ಮೇಲೆ ಹಣ ಎಸೆದು ಅವಮಾನಿಸುತ್ತಾನೆ. ಸತ್ಯ ತಿಳಿದು ಅವನು ಮರಳುವ ಹೊತ್ತಿಗೆ ಕ್ಷಯ ಅವಳನ್ನು ಸಾವಿನ ಅಂಚಿಗೆ ತಂದಿರುತ್ತದೆ. ಮೂಲ ಕಿರಿಯ ಅಲೆಕ್ಸಾಂಡರ್ ದ್ಯುಮಾನದು. ಅವನು ಬಲ್ಲ, 1847ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ತೀರಿಕೊಂಡ ಮಾರಿ ದ್ಯುಪ್ಲೆಸಿ ಎಂಬ ಹೆಣ್ಣುಮಗಳ ನೆನಪು ಅದರ ಬೆನ್ನಿಗಿದೆ.

1853ರ ಮಾರ್ಚ್ 6ರಂದು ವೆನಿಸ್ಸಿನ ಲಾ ಫೆನಿಚೆ ರಂಗಮಂದಿರದಲ್ಲಿ ಇದರ ಮೊದಲ ಪ್ರದರ್ಶನ ಸೋತಿತು. ಪಾತ್ರಗಳಿಗೆ ತನ್ನ ಕಾಲದ್ದೇ ಉಡುಪು ತೊಡಿಸಬೇಕೆಂದು ವೆರ್ದಿ ಹಟ ಹಿಡಿದಿದ್ದರೂ ಕಥೆಯನ್ನು 1700ರ ಸುಮಾರಿಗೆ ದೂಡಲಾಯಿತು. ನೋಡುಗರು ಅದು ಅಂದಿನವರ ಕಥೆ, ತಮ್ಮದಲ್ಲ ಎಂದುಕೊಂಡು ನೆಮ್ಮದಿಯಾಗಿರಲಿ ಎಂದು. ಡೆಕ್ಕರ್ ಜರತಾರಿ, ದೀಪಗುಚ್ಛಗಳನ್ನೆಲ್ಲ ತೆಗೆದುಹಾಕಿ, ಮೇಳದ ಗಂಡಸರು ಹೆಂಗಸರು ಎಲ್ಲರಿಗೂ ಇಂದಿನ ಕಪ್ಪು ಸೂಟು ತೊಡಿಸಿದ್ದಾನೆ. ಇದನ್ನು ಆಧುನಿಕತೆಯ ಶೋಕಿ ಎನ್ನುವವರಿದ್ದಾರೆ. ನನಗೆ ಮಾತ್ರ ಇದು ವೆರ್ದಿಗೆ ಅಂದು ಸಿಗದಿದ್ದ ನ್ಯಾಯವಾಗಿ ಕಾಣುತ್ತದೆ. ಕಪ್ಪು ಸೂಟುಗಳ ಆ ಗುಂಪು ಗೋಡೆಯ ಮೇಲಿಂದ ಬಾಗಿ ಒಬ್ಬಳನ್ನೇ ನೋಡುವಾಗ, ಅವರ ಸಾಲಿನಲ್ಲಿ ನಾನೂ ಇದ್ದೇನೆ ಎಂಬ ಅರಿವು ಚುಚ್ಚುತ್ತದೆ.

ಇಲ್ಲಿ ಕ್ಯಾಮೆರಾದ ಲಾಭನಷ್ಟ ಎರಡೂ ಇವೆ. ದೊಡ್ಡ ರಂಗಮಂದಿರದ ಕೊನೆಯ ಸಾಲಿಗೆ ಮುಖ ಕಾಣುವುದಿಲ್ಲ, ಕಂಠವೊಂದೇ ತಲುಪುತ್ತದೆ. ಮನೆಯಲ್ಲಿ ವಯೊಲೆಟ್ಟಾ ಪಾತ್ರದ ಆನಾ ನೆಟ್ರೆಬ್ಕೊಳ ಮುಖ ನಮ್ಮೆದುರಿಗೇ ಇರುತ್ತದೆ. ಜೆರ್ಮೊಂ ಪಾತ್ರದ ಥಾಮಸ್ ಹ್ಯಾಂಪ್ಸನ್ ಮೆಲುದನಿಯಲ್ಲಿ, ಮರ್ಯಾದೆಯಿಂದಲೇ ಅವಳನ್ನು ಹಿಂಡುವ ದೀರ್ಘ ಯುಗಳ ಈ ಒಪೆರಾದ ಎದೆ. ಅವಳು ಒಪ್ಪುವುದು ಒಂದೇ ಗಳಿಗೆಯಲ್ಲಲ್ಲ. ಸಿಟ್ಟು, ಬೇಡಿಕೆ, ಭಯ ದಾಟಿ ಒಳಗೇನೋ ಮುರಿದು ಸುಮ್ಮನಾಗುವ ಒಂದೊಂದು ಮೆಟ್ಟಿಲೂ ಕ್ಲೋಸಪ್ಪಿನಲ್ಲಿ ಕಾಣುತ್ತದೆ. ಮೊದಲ ಅಂಕದ ಕೊನೆಯಲ್ಲಿ ಅವಳ ವೇಗದ ಸ್ವರಗುಚ್ಛಗಳು ಮುತ್ತು ಪೋಣಿಸಿದಂತೆ ಇಲ್ಲ ಎಂಬ ದೂರು ಸುಳ್ಳಲ್ಲ. ಆದರೆ ಸುಖವನ್ನು ಬೆನ್ನಟ್ಟಿ ಏದುಸಿರು ಬಿಡುವ ಹೆಣ್ಣಿಗೆ ಆ ಒರಟು ಒಪ್ಪುತ್ತದೆ. ರೊಲಾಂಡೊ ವಿಯಾಸೊನ್‌ನ ಆಲ್ಫ್ರೆದೊ ಎಲ್ಲವನ್ನೂ ಉರಿಯಲ್ಲೇ ಹಾಡುತ್ತಾನೆ. ಪ್ರೇಮಕ್ಕೆ ಅದು ಸರಿ, ಮೃದುವಾಗಬೇಕಾದ ಕಡೆ ಅತಿಯಾಗುತ್ತದೆ.

ನಷ್ಟ ಗಡಿಯಾರದ್ದು. ರಂಗಮಂದಿರದಲ್ಲಿ ಅದು ಕಣ್ಣಿಂದ ಮರೆಯಾಗುವಂತಿಲ್ಲ. ಪ್ರೇಮಿಗಳು ನಗುವಾಗಲೂ ಪಕ್ಕದಲ್ಲೇ ಇರುತ್ತದೆ. ಕ್ಯಾಮೆರಾ ಮುಖಕ್ಕೆ ಹತ್ತಿರ ಹೋದಾಗಲೆಲ್ಲ ಗಡಿಯಾರ ಚೌಕಟ್ಟಿನಾಚೆ ಬೀಳುತ್ತದೆ, ನಾವೂ ಅದನ್ನು ಮರೆಯುತ್ತೇವೆ. ಧ್ವನಿಯದೂ ಇದೇ ಕಥೆ. ಪೀಠಿಕೆಯಲ್ಲಿ ಪಿಟೀಲುಗಳು ಹಲವು ಗುಂಪುಗಳಾಗಿ ಒಡೆದು, ಎತ್ತರದ ಸ್ಥಾಯಿಯಲ್ಲಿ ಉಸಿರಿನಷ್ಟು ಸಣ್ಣಗೆ ನುಡಿಯುತ್ತವೆ. ವಾದ್ಯವೃಂದ ನಡೆಸಿದ ಕಾರ್ಲೊ ರಿಟ್ಸಿ ವಿಯೆನ್ನಾ ಫಿಲ್ಹಾರ್ಮೋನಿಕ್‌ನಿಂದ ಹೊರಡಿಸಿದ ಆ ನಡುಕ ಟಿವಿಯ ಪುಟ್ಟ ಸ್ಪೀಕರಿನಲ್ಲಿ ಸತ್ತೇಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು. ಇನ್ನೊಂದು ತೊಡಕು ಅಡಿಬರಹ. ಕಿವಿಗೆ ಇಟಾಲಿಯನ್, ಕಣ್ಣಿಗೆ ಇಂಗ್ಲಿಷ್, ಅರ್ಥವಾಗುವುದು ಕನ್ನಡದಲ್ಲಿ. ಈ ಮೂರರ ನಡುವೆ ಓಡಾಡುವಷ್ಟರಲ್ಲಿ ಮುಖ ಕೈತಪ್ಪಿರುತ್ತದೆ. ಕಥೆಯನ್ನು ಮೊದಲೇ ಓದಿಕೊಂಡು ಅಡಿಬರಹ ತೆಗೆದುಹಾಕಿದಾಗಲೇ ನನಗೆ ಮೂರನೆಯ ಅಂಕದ ಪತ್ರ ದಕ್ಕಿದ್ದು. ಅಲ್ಲಿ ವಯೊಲೆಟ್ಟಾ ಹಾಡುವುದಿಲ್ಲ, ಪತ್ರವನ್ನು ಬರೀ ಓದುತ್ತಾಳೆ. ಹಾಡಬೇಕಾದ ಪ್ರೇಮದ ರಾಗವನ್ನು ಅವಳ ಹಿಂದಿನಿಂದ ಪಿಟೀಲು ನುಡಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಮಾತ್ರ ಕ್ಯಾಮೆರಾದಿಂದ ಬರುವುದಲ್ಲ, ನಮ್ಮ ಕೈಯಿಂದ. ಮೊದಲ ಸಲ ನಾನು ಇದನ್ನು ಮೂರು ರಾತ್ರಿಗೆ ಹಂಚಿಕೊಂಡು ನೋಡಿದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ನಿಲ್ಲಿಸಿದೆ, ಫೋನ್ ಬಂದರೆ ನಿಲ್ಲಿಸಿದೆ. ಹಾಡುಗಳು ಚೆನ್ನಾಗಿವೆ ಅನ್ನಿಸಿತು, ದುರಂತ ಮುಟ್ಟಲಿಲ್ಲ. ವಯೊಲೆಟ್ಟಾಳಿಗೆ ಇಲ್ಲದಿದ್ದುದು ಕಾಲವೊಂದೇ. ಅದನ್ನು ನಿಲ್ಲಿಸುವ ಗುಂಡಿ ನನ್ನ ಕೈಯಲ್ಲಿತ್ತು. ಆ ಗುಂಡಿ ಇರುವವರೆಗೆ ಡೆಕ್ಕರ್‌ನ ಗಡಿಯಾರ ಬರೀ ರಂಗಸಜ್ಜಿಕೆ.

ಮುಂದೊಂದು ಭಾನುವಾರ ರಿಮೋಟನ್ನು ಬೇರೆ ಕೋಣೆಯಲ್ಲಿಟ್ಟು, ದೀಪ ಆರಿಸಿ, ಒಂದೇ ಉಸಿರಿಗೆ ನೋಡಿದೆ. ಎರಡನೇ ಅಂಕದ ಕೂಟ ಕರಗುತ್ತದೆ, ವಯೊಲೆಟ್ಟಾ ಒಬ್ಬಳೇ ರಂಗದಲ್ಲಿ ಉಳಿಯುತ್ತಾಳೆ, ಮೂರನೇ ಅಂಕದ ಪಿಟೀಲುಗಳು ಮೆಲ್ಲಗೆ ಎಳೆಯುತ್ತವೆ. ಅದು ಒಪೆರಾದಲ್ಲಿ ಮೊಟ್ಟಮೊದಲು ಕೇಳಿದ್ದ ನಾದವೇ. ಮೂರು ರಾತ್ರಿಗೆ ಹಂಚಿದಾಗ ನನ್ನ ಕಿವಿ ಅದನ್ನು ಗುರುತಿಸಿರಲಿಲ್ಲ. ಅಂದು ಗುರುತಿಸಿತು: ಕೆಂಪು ಉಡುಪು ಅವಳ ಮೈಮೇಲಿದ್ದಾಗಲೇ ವೆರ್ದಿ ಅವಳ ಸಾವನ್ನು ನುಡಿಸಿಬಿಟ್ಟಿದ್ದ.