ರಿಪ್ರೊಡ್ಯೂಸಿಬಲ್ ಆಗಿರೋದು ಕಲ್ಲಿನ ಚಿತ್ರವೋ, ನಮ್ಮ ಓದೋ?

ಶಾಸನಗಳ ಡಿಜಿಟಲ್ ದಾಖಲೀಕರಣದ ಬಗ್ಗೆ ಈಚೆಗೆ ಬರ್ತಿರೋ ಬರಹಗಳಲ್ಲಿ 'ರಿಪ್ರೊಡ್ಯೂಸಿಬಲ್' ಅನ್ನೋ ವಿಶೇಷಣ ಬಹಳ ಸಲೀಸಾಗಿ ಓಡಾಡ್ತಿದೆ. ಕಲ್ಲನ್ನು ತ್ರೀಡಿ ಸ್ಕ್ಯಾನ್ ಮಾಡಿದ್ದೇವೆ, ಆದ್ದರಿಂದ ನಮ್ಮ ಪಾಠ ರಿಪ್ರೊಡ್ಯೂಸಿಬಲ್ ಅಂತ ವಾದ. ಈ 'ಆದ್ದರಿಂದ'ಕ್ಕೆ ನನ್ನ ತಕರಾರು.

ಈ ಪದಕ್ಕೆ ಎರಡು ಅರ್ಥ ಇದೆ. ನಕಲು ತೆಗೆಯಬಹುದಾದದ್ದು ಅನ್ನೋದು ಹಳೆಯದು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಹಚ್ಚಿ ತೆಗೆಯುವ ಪಡಿಯಚ್ಚೂ ಈ ಅರ್ಥದೊಳಗೇ ಬರುತ್ತೆ. ಇನ್ನೊಂದು ವಿಜ್ಞಾನದವರದು: ಅದೇ ಸಾಮಗ್ರಿ, ಅದೇ ವಿಧಾನ ಹಿಡಿದ ಇನ್ನೊಬ್ಬರಿಗೂ ಅದೇ ಫಲ ಸಿಗಬೇಕು. ಅಮೆರಿಕದ ನ್ಯಾಷನಲ್ ಅಕಾಡೆಮಿಗಳ 2019ರ ವರದಿ ಇದನ್ನೇ ಹೇಳುತ್ತೆ. ಹೊಸ ದತ್ತಾಂಶ ಕಲೆಹಾಕಿ ಅದೇ ಉತ್ತರ ಪಡೆದರೆ ಅದನ್ನು 'ರೆಪ್ಲಿಕಬಲ್' ಅನ್ನುತ್ತೆ. ಅಲ್ಲಿಯೂ ಗೊಂದಲ ಇಲ್ಲದೆ ಇಲ್ಲ. ಕಂಪ್ಯೂಟರ್ ವಿಜ್ಞಾನದ ಎಸಿಎಂ ಸಂಸ್ಥೆ 2020ರಲ್ಲಿ ಈ ಎರಡು ಪದಗಳ ಅರ್ಥವನ್ನೇ ಅದಲುಬದಲು ಮಾಡಿಕೊಂಡಿತು!

ಸ್ಕ್ಯಾನ್ ಮೊದಲ ಅರ್ಥವನ್ನು ಚೆನ್ನಾಗಿಯೇ ಪೂರೈಸುತ್ತೆ. ನಾಳೆ ಕಲ್ಲು ಒಡೆದರೂ ಅದರ ರೂಪ ಉಳಿಯುತ್ತೆ, ಅದು ಸಣ್ಣ ಲಾಭವೇನಲ್ಲ. ಆದರೆ ಓದಿನ ಮಾತೇ ಬೇರೆ. ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಎ-ಏ, ಒ-ಓ ಭೇದವನ್ನು ಬರಹದಲ್ಲಿ ತೋರಿಸೋದಿಲ್ಲ. 'ಕೊಡು'ವೋ 'ಕೋಡು'ವೋ ಅನ್ನೋದನ್ನು ಓದುಗನೇ ಸಂದರ್ಭ ನೋಡಿ ತೀರ್ಮಾನಿಸಬೇಕು. ಸ್ಕ್ಯಾನನ್ನು ಎಷ್ಟು ಹಿಗ್ಗಿಸಿದರೂ ಆ ಉತ್ತರ ಬರೋದಿಲ್ಲ, ಯಾಕಂದ್ರೆ ಕಂಡರಿಸಿದವನು ಅದನ್ನು ಕಂಡರಿಸಿಯೇ ಇಲ್ಲ. ಸವೆದ ಅಕ್ಷರದ ಪಾಡೂ ಹೀಗೇ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಅಂತ ಪಾಠದಲ್ಲೇ ಗುರುತು ಹಾಕಬೇಕು. ಗ್ರೀಕ್-ಲ್ಯಾಟಿನ್ ವಿದ್ವಾಂಸರು 1931ರಲ್ಲಿ ಲೈಡನ್‌ನಲ್ಲಿ ಇದಕ್ಕೆ ನಿಯಮವನ್ನೇ ಮಾಡಿಕೊಂಡರು: ಅನುಮಾನದ ಅಕ್ಷರದ ಕೆಳಗೆ ಚುಕ್ಕಿ, ತುಂಬಿಸಿದ ಭಾಗಕ್ಕೆ ಚೌಕ ಕಂಸ. ನಮ್ಮಲ್ಲೂ ಕಂಸ ಹಾಕ್ತಾರೆ, ಆದರೆ ಒಬ್ಬೊಬ್ಬರದು ಒಂದೊಂದು ರೀತಿ.

ಇನ್ನೊಂದು ವಿಷಯವನ್ನು ಯಾರೂ ಕೇಳೋದೇ ಇಲ್ಲ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ರೈಸ್ ಅಚ್ಚು ಹಾಕಿಸಿದ ಪಾಠವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಸ್ಕ್ಯಾನ್ ಓದಿದರೆ, ಎರಡೂ ಹೊಂದಿಕೆಯಾಗೋದರಲ್ಲಿ ಏನು ಆಶ್ಚರ್ಯ? ಕಣ್ಣು ತನಗೆ ಮೊದಲೇ ಗೊತ್ತಿರೋ ಅಕ್ಷರವನ್ನೇ ಕಾಣುತ್ತೆ. ಅದು ರೈಸ್ ಓದನ್ನು ಒಪ್ಪಿಕೊಂಡದ್ದು ಅಷ್ಟೇ. ಹಳೆಯ ಪಾಠ ನೋಡದ ಇಬ್ಬರು ಬೇರೆಬೇರೆ ಕೂತು ಓದಿ, ಆಮೇಲೆ ಹೋಲಿಸಲಿ. ಎಲ್ಲೆಲ್ಲಿ ವ್ಯತ್ಯಾಸ ಬಂತು ಅನ್ನೋದನ್ನೂ ಪ್ರಕಟಿಸಲಿ.

ಕನ್ನಡದಲ್ಲಿ 'ಪುನರುತ್ಪಾದನೀಯ' ಅಂದ್ರೆ ಕಾರ್ಖಾನೆ ವಾಸನೆ. ಸ್ಕ್ಯಾನಿಗೆ 'ನಕಲು ತೆಗೆಯಬಹುದಾದ' ಸಾಕು. ಪಾಠಕ್ಕಾದರೆ 'ಇನ್ನೊಬ್ಬರೂ ತಲುಪಬಹುದಾದ ಓದು' ಅಂತ ಉದ್ದಕ್ಕೇ ಬರೆಯೋಣ.